ಕೀಲಿ ಕೊಟ್ಟ ಮೇಲೆ: ಸರ್ವಿಸ್‌ಗೆ ಬಿಟ್ಟ ಕಾರಿನ ಮೀಮಾಂಸೆ

ವಿಷಯ ಮತ್ತು ಸಂಶಯ

ಸರ್ವಿಸ್‌ಗೆಂದು ಕಾರು ಬಿಟ್ಟು, ಕೌಂಟರಿನಲ್ಲಿ ಕೀಲಿ ಕೊಟ್ಟು ಹೊರಬಂದ ಗಳಿಗೆಯಿಂದ ಅದು ಮರಳಿ ಕೈಸೇರುವ ತನಕ ಅದರ ಬಣ್ಣವನ್ನೂ ಎಂಜಿನ್ನನ್ನೂ ಕಾಯಬೇಕಾದವರು ಯಾರು, ಕಾಯುವುದು ಹೇಗೆ ಎಂಬುದು ಈ ಬರಹದ ವಿಷಯ. ಮಾತು ಜಪಾನಿನದು. ಕಾರಿನ ನಿರ್ವಹಣೆಯನ್ನು ಕಾನೂನಿನಲ್ಲಿ ಇಷ್ಟು ಬಿಗಿಯಾಗಿ ಕಟ್ಟಿದ ದೇಶಗಳು ಕಡಿಮೆ. ಡೀಲರ್‌ಗಳ ವರ್ಕ್‌ಶಾಪುಗಳು ಇಷ್ಟು ಚೊಕ್ಕಟವಾಗಿರುವ ದೇಶಗಳೂ ಕಡಿಮೆ. ಅಂಥ ನಾಡಿನಲ್ಲೇ 2023ರಲ್ಲಿ, ದುರಸ್ತಿಗೆ ಬಂದ ಕಾರುಗಳಿಗೆ ವರ್ಕ್‌ಶಾಪಿನವರೇ ಬೇಕೆಂದು ಗೀರು ಹಾಕಿದ ಸಂಗತಿ ಬಯಲಿಗೆ ಬಂತು. ಎಲ್ಲವೂ ಸರಿಯಿರುವ ಕಡೆ ಇದು ಹೇಗಾಯಿತು ಎಂದು ಕೇಳಿದರೆ ನಮ್ಮೂರಿನ ಸರ್ವಿಸ್ ಸೆಂಟರಿಗೂ ಅನ್ವಯಿಸುವ ಉತ್ತರ ಸಿಗುತ್ತದೆ.

ಸಂಶಯ ಇಷ್ಟು. ಒಳ್ಳೆಯ ವರ್ಕ್‌ಶಾಪನ್ನು ಆರಿಸಿ ನಂಬಿ ಬಿಟ್ಟರೆ ಸಾಕೇ, ಅಥವಾ ಮಾಲೀಕ ಕಣ್ಣಿಟ್ಟು ನೋಡಲೇಬೇಕೇ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಒಪ್ಪಿಸುವಾಗ ಒಮ್ಮೆ, ಪಡೆಯುವಾಗ ಒಮ್ಮೆ, ಮಾಲೀಕನೂ ವರ್ಕ್‌ಶಾಪಿನವನೂ ಜೊತೆಯಾಗಿ ಕಾರನ್ನು ಸುತ್ತಿ ನೋಡಿ, ಕಂಡದ್ದನ್ನು ಬರೆದುಕೊಳ್ಳಬೇಕು. ರಕ್ಷಣೆಯ ಬಹುಪಾಲು ಈ ಎರಡು ಗಳಿಗೆಗಳಲ್ಲೇ ಇದೆ. ಇದು ಮಾಲೀಕನನ್ನು ಎಷ್ಟು ಕಾಯುತ್ತದೋ ಪ್ರಾಮಾಣಿಕ ಮೆಕ್ಯಾನಿಕ್‌ನನ್ನೂ ಅಷ್ಟೇ ಕಾಯುತ್ತದೆ.

ಕಾನೂನು ಏನನ್ನುತ್ತದೆ

ಜಪಾನಿನಲ್ಲಿ ಹೊಸ ಖಾಸಗಿ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ. ನಡುವೆ ಹನ್ನೆರಡು ತಿಂಗಳಿಗೊಮ್ಮೆ ಶಾಸನಬದ್ಧ ತಪಾಸಣೆ ಬೇರೆ. ಖಾಸಗಿ ಕಾರಿನ ನೋಂದಣಿ ಒಮ್ಮೆ ಆದರೆ ಹದಿನೈದು ವರ್ಷ ಕೇಳುವವರಿಲ್ಲದ ನಮ್ಮ ಪದ್ಧತಿಗೆ ಹೋಲಿಸಿದರೆ ಅಲ್ಲಿನ ಕಾರು ವರ್ಕ್‌ಶಾಪಿನ ಬಾಗಿಲು ಹೆಚ್ಚು ಸಲ ತುಳಿಯುತ್ತದೆ. ಬಾಗಿಲು ತುಳಿದಷ್ಟೂ ಸಲ ಬೇರೆಯವರ ಕೈ ಬೀಳುತ್ತದೆ.

ಇದಕ್ಕೆಲ್ಲ ತಾಯಿಬೇರು 1951ರ ರಸ್ತೆ ಸಾರಿಗೆ ವಾಹನ ಕಾಯ್ದೆ. ಅದರ 47ನೇ ವಿಧಿ ವಾಹನವನ್ನು ತಪಾಸಿಸಿ, ಬೇಕಾದಾಗ ದುರಸ್ತಿ ಮಾಡಿಸಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಬಳಕೆದಾರನ ಮೇಲೆಯೇ ಹೊರಿಸುತ್ತದೆ. ಶಾಕೆನ್ ಪಾಸಾದ ಮಾತ್ರಕ್ಕೆ ಆ ಹೊಣೆ ವರ್ಕ್‌ಶಾಪಿಗೆ ದಾಟಿಹೋಗುವುದಿಲ್ಲ. ಇತ್ತ ಸಿವಿಲ್ ಕೋಡ್‌ನ 400ನೇ ವಿಧಿ, ಒಬ್ಬರಿಗೆ ಒಪ್ಪಿಸಬೇಕಾದ ನಿರ್ದಿಷ್ಟ ವಸ್ತುವನ್ನು ಇಟ್ಟುಕೊಂಡವನು ಅದನ್ನು ಒಪ್ಪಿಸುವ ತನಕ ಒಳ್ಳೆಯ ಮೇಲ್ವಿಚಾರಕನ ಎಚ್ಚರದಿಂದ ಕಾಯಬೇಕು ಎನ್ನುತ್ತದೆ. ನಮ್ಮ 1872ರ ಕರಾರು ಕಾಯ್ದೆಯ 151ನೇ ಕಲಂ ಕೂಡ, ಬೇರೆಯವರ ವಸ್ತುವನ್ನು ವಹಿಸಿಕೊಂಡವನು ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವಿನ ಮೇಲೆ ಇಡುವಷ್ಟು ಕಾಳಜಿ ಇಡಬೇಕು ಎಂದೇ ಹೇಳುತ್ತದೆ. ‘ವಾಹನಗಳ ಹಾನಿಗೆ ನಾವು ಹೊಣೆಯಲ್ಲ’ ಎಂದು ಗೋಡೆಗೆ ಬರೆದು ಹಾಕಿದರೆ ತೀರಿತು ಎಂದುಕೊಳ್ಳುವವರಿದ್ದಾರೆ. ಜಪಾನಿನ 2000ದ ಗ್ರಾಹಕ ಕರಾರು ಕಾಯ್ದೆಯ 8ನೇ ವಿಧಿ, ವ್ಯಾಪಾರಿಯ ನಷ್ಟಭರ್ತಿಯ ಹೊಣೆಯನ್ನು ಪೂರ್ತಿಯಾಗಿ ತೊಡೆದುಹಾಕುವ ಷರತ್ತನ್ನು ಅನೂರ್ಜಿತ ಎನ್ನುತ್ತದೆ.

ಅಂದರೆ ಹೊಣೆ ಇಬ್ಬರದೂ ಹೌದು. ಆದರೆ ಕಾರು ಒಳಗೆ ಹೋಗುವಾಗ ಹೇಗಿತ್ತು ಎಂಬುದಕ್ಕೆ ಪ್ರಮಾಣವಿಲ್ಲದಿದ್ದರೆ ಈ ಕಲಮುಗಳಲ್ಲಿ ಒಂದೂ ಕೆಲಸಕ್ಕೆ ಬಾರದು. ಮೀಮಾಂಸಕರು ಪ್ರಮಾಣದ ಮೇಲೆ ಯಾಕೆ ಅಷ್ಟು ಬೆವರು ಸುರಿಸಿದರು ಎಂಬುದು ಗೀರು ಬಿದ್ದ ಬಾಗಿಲಿನ ಮುಂದೆ ನಿಂತಾಗ ಚೆನ್ನಾಗಿ ತಿಳಿಯುತ್ತದೆ.

ಬಣ್ಣಕ್ಕೆ ಹಾನಿ ಎಲ್ಲಿಂದ

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೆ ಸುಮಾರು 100ರಿಂದ 150 ಮೈಕ್ರಾನ್. ತಳದಲ್ಲಿ ತುಕ್ಕು ತಡೆಯುವ ವಿದ್ಯುತ್ ಲೇಪನ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್. ಹೊಳಪೆಲ್ಲ ಇರುವುದು ಮೂವತ್ತು ನಲವತ್ತು ಮೈಕ್ರಾನಿನ ಆ ಕೊನೆಯ ಪದರದಲ್ಲಿ. ಟೊಯೋಟಾದ ‘202’ ಸಂಖ್ಯೆಯ ಕಪ್ಪು ಬಣ್ಣಕ್ಕೆ ಬಹುಕಾಲ ಆ ಕ್ಲಿಯರ್ ಪದರವೂ ಇರಲಿಲ್ಲ. ಬಟ್ಟೆ ಸೋಕಿದರೂ ಗೀರು ಬೀಳುವ ಬಣ್ಣವೆಂದು ಜಪಾನಿನ ಕಾರುಪ್ರಿಯರಲ್ಲಿ ಅದು ಹೆಸರಾಗಿದೆ.

ವರ್ಕ್‌ಶಾಪಿನಲ್ಲಿ ಈ ಪದರಕ್ಕೆ ಬೀಳುವ ಪೆಟ್ಟಿನಲ್ಲಿ ಹೆಚ್ಚಿನದು ಕೆಡುಕಿನಿಂದ ಬಂದದ್ದಲ್ಲ, ಉಪಚಾರದಿಂದ ಬಂದದ್ದು. ಸರ್ವಿಸ್ ಮುಗಿದ ಕಾರನ್ನು ತೊಳೆದು ಕೊಡುವುದು ಜಪಾನಿನ ಡೀಲರ್‌ಗಳಲ್ಲಿ ರೂಢಿ. ಅನೇಕ ಕಡೆ ಅದಕ್ಕೆ ಹಣವಿಲ್ಲ. ಸಂಜೆ ಐದರ ಸುಮಾರಿಗೆ ಗಿರಾಕಿಗಳೆಲ್ಲ ಒಟ್ಟಿಗೆ ಕಾರು ಒಯ್ಯಲು ಬರುತ್ತಾರೆ. ಹೊಸದಾಗಿ ಸೇರಿದ ಹುಡುಗ ನೀರು ಹಾಯಿಸಿ, ಬೆಳಿಗ್ಗೆಯಿಂದ ಹತ್ತಾರು ಕಾರು ಒರೆಸಿದ ಅದೇ ಟವಲ್ಲನ್ನು ಹಿಂಡಿ ಬಾನೆಟ್ಟಿನ ಮೇಲೆ ಸುತ್ತು ಸುತ್ತಾಗಿ ಎಳೆಯುತ್ತಾನೆ. ಟವಲ್ಲಿನ ಎಳೆಗಳಲ್ಲಿ ಹಿಂದಿನ ಕಾರಿನ ಚಕ್ರದಿಂದ ಬಂದ ಬ್ರೇಕಿನ ಪುಡಿ, ರಸ್ತೆಯ ಮರಳು. ಮರಳಿನ ಸ್ಫಟಿಕ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಪಟ್ಟು ಗಟ್ಟಿ. ಆ ಹೊತ್ತಿಗೆ ಕಾರು ಫಳಫಳ ಹೊಳೆಯುತ್ತದೆ. ಮಾರನೆಯ ದಿನ ಬಿಸಿಲಿಗೆ ನಿಲ್ಲಿಸಿ ಓರೆಯಾಗಿ ನೋಡಿದರೆ ಬಾನೆಟ್ಟಿನ ತುಂಬ ಜೇಡರಬಲೆಯಂಥ ಸುತ್ತುಗೀರುಗಳು.

ಮಾರ್ಚ್‌ನಿಂದ ಮೇವರೆಗಿನ ಕಾಲ ಇನ್ನೂ ಕಷ್ಟದ್ದು. ಗೋಬಿ, ತಕ್ಲಮಕಾನ್ ಮರುಭೂಮಿಗಳ ಹಳದಿ ಧೂಳು ಗಾಳಿಯಲ್ಲಿ ತೇಲಿಬಂದು ಜಪಾನಿನ ಮೇಲೆ ಇಳಿಯುವುದು ಆಗಲೇ. ಸುಗಿ ಮರದ ಪರಾಗವೂ ಅದೇ ಕಾಲಕ್ಕೆ ಸುರಿಯುತ್ತದೆ. ಮೊದಲು ಸಾಕಷ್ಟು ನೀರು ಬಿಟ್ಟು ಧೂಳನ್ನು ಕೊಚ್ಚಿ ಕಳಿಸದೆ ಬಟ್ಟೆ ಮುಟ್ಟಿಸಿದರೆ ಮರಳುಕಾಗದದಿಂದ ಉಜ್ಜಿದ ಹಾಗೆಯೇ. ಆ ತಿಂಗಳುಗಳಲ್ಲಿ ತೊಳೆಯದೆ ಬಿಟ್ಟ ಕಾರು ಅವಸರದಲ್ಲಿ ತೊಳೆದ ಕಾರಿಗಿಂತ ಸುರಕ್ಷಿತ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆದ್ದರಿಂದ ಬಣ್ಣ ಕಾಯುವ ಮೊದಲ ಉಪಾಯಕ್ಕೆ ಒಂದು ಕಾಸೂ ಬೇಡ. ಒಪ್ಪಿಸುವಾಗಲೇ ‘ಸೆನ್ಶಾ ಫುಯೋ’, ತೊಳೆಯುವುದು ಬೇಡ, ಎಂದು ಹೇಳಿ ಅದನ್ನು ಕೆಲಸದ ಚೀಟಿಯಲ್ಲಿ ಬರೆಸಬೇಕು. ಕೌಂಟರಿನಲ್ಲಿ ಕೇಳಿಸಿಕೊಂಡವನು ಬೇರೆ, ತೊಳೆಯುವವನು ಬೇರೆ. ಬಾಯಿಮಾತು ಆ ದೂರ ದಾಟುವುದಿಲ್ಲ. ಬರೆದ ಚೀಟಿಯನ್ನು ಸ್ಟಿಯರಿಂಗಿನ ಮೇಲೆ ಅಂಟಿಸಿ ಬರುವವರು ಜಾಣರು. ನಮ್ಮಲ್ಲೂ ‘ವಾಟರ್ ಸರ್ವಿಸ್ ಬೇಡ’ ಎಂದು ಜಾಬ್ ಕಾರ್ಡ್‌ನಲ್ಲಿ ಬರೆಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೊಂದು ಕೆಲಸ ಕಡಿಮೆ.

ಇನ್ನೊಂದು ಹಾನಿ ಬಾನೆಟ್ ತೆರೆದಾಗಿನದು. ಬ್ರೇಕ್ ಆಯಿಲ್ ಬದಲಿಸುವಾಗ ಫೆಂಡರಿನ ಮೇಲೆ ಒಂದು ಹನಿ ಬಿದ್ದರೂ ಅದು ಬಣ್ಣವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಬಿದ್ದ ತಕ್ಷಣ ನೀರು ಸುರಿದರೆ ಉಳಿಯುತ್ತದೆ. ಬರೀ ಒಣಬಟ್ಟೆಯಿಂದ ಒರೆಸಿ ಸುಮ್ಮನಾದರೆ ವಾರದೊಳಗೆ ಗುಳ್ಳೆ. ಫೆಂಡರಿಗೆ ಹೊದಿಕೆ ಹಾಸುವುದು ಜಪಾನಿನ ಒಳ್ಳೆಯ ವರ್ಕ್‌ಶಾಪುಗಳಲ್ಲಿ ಮೆಕ್ಯಾನಿಕ್‌ನ ಕೈಗೆ ಅಭ್ಯಾಸವಾಗಿ ಹೋಗಿದೆ. ಹೊದಿಕೆ ಹಾಸದ ಕಡೆ ಬ್ರೇಕ್ ಆಯಿಲ್ ಬದಲಿಸಲು ಬಿಡದಿರುವುದು ಮೇಲು.

ಹಿಮ ಬೀಳುವ ಹೊಕ್ಕೈಡೊ, ತೊಹೊಕು ಕಡೆ ರಸ್ತೆಗೆ ಉಪ್ಪು ಎರಚುತ್ತಾರೆ. ಅದಕ್ಕಾಗಿ ಶಾಕೆನ್ ಸಮಯದಲ್ಲಿ ಕಾರಿನ ಅಡಿಭಾಗವನ್ನು ತೊಳೆದು ಕಪ್ಪು ಲೇಪನ ಹೊಡೆಯುವುದುಂಟು. ತೊಳೆದದ್ದು ಪೂರ್ತಿ ಒಣಗುವ ಮೊದಲೇ ಹೊಡೆದರೆ ಉಪ್ಪುನೀರು ಲೇಪನದ ಕೆಳಗೇ ಉಳಿದು ತುಕ್ಕು ಒಳಗಿಂದೊಳಗೆ ತಿನ್ನುತ್ತದೆ. ಬಿಲ್ಲಿನಲ್ಲಿ ಆ ಸಾಲು ಕಂಡರೆ ತೊಳೆದದ್ದು ಯಾವಾಗ, ಹೊಡೆದದ್ದು ಯಾವಾಗ ಎಂದು ಕೇಳಬೇಕು.

ಎಂಜಿನ್ನಿಗೆ ಹಾನಿ

ಎಂಜಿನ್ನಿನ ಸಂಗತಿ ಬೇರೆ. ಬಣ್ಣದ ಗೀರು ಕಣ್ಣಿಗೆ ಬೀಳುತ್ತದೆ, ಎಂಜಿನ್ನಿನ ಹಾನಿ ಸಾವಿರಾರು ಕಿಲೋಮೀಟರು ಕಳೆದ ಮೇಲೆ ಮಾತಾಡುತ್ತದೆ. ಅಷ್ಟರಲ್ಲಿ ಅದನ್ನು ಯಾವ ಸರ್ವಿಸ್‌ಗೂ ಕಟ್ಟಿಹಾಕಲಾಗದು. ಹಾಗಾಗಿ ಇಲ್ಲಿ ನೋಡಬೇಕಾದ ಸ್ಥಾನಗಳು ಕೆಲವೇ, ಆದರೆ ಅವನ್ನು ಬಿಡುವಂತಿಲ್ಲ.

ಮೊದಲನೆಯದು ಆಯಿಲ್ಲಿನ ದರ್ಜೆ. ಜಪಾನಿನ ಕಾರುಗಳು ತೀರಾ ತೆಳುವಾದ ಆಯಿಲ್ಲಿನ ಕಡೆ ಸಾಗಿವೆ: 0ಡಬ್ಲ್ಯೂ-20, 0ಡಬ್ಲ್ಯೂ-16. 2019ರಲ್ಲಿ ಜಪಾನಿನ ಜಾಸೊ ಸಂಸ್ಥೆ ಜಿಎಲ್‌ವಿ-1 ಎಂಬ ಮಾನದಂಡ ತಂದ ಮೇಲೆ 0ಡಬ್ಲ್ಯೂ-8 ಕೂಡ ಬಂದಿದೆ. ವರ್ಕ್‌ಶಾಪಿನಲ್ಲಿ ದೊಡ್ಡ ಡ್ರಮ್ಮಿನಲ್ಲಿರುವುದು ಒಂದೆರಡು ಬಗೆ ಮಾತ್ರ. ತೆಳುವಿನದು ಬೇಕಾದಲ್ಲಿ ಕೊಂಚ ದಪ್ಪದ್ದು ಹಾಕಿದರೆ ಮೈಲೇಜು ಸ್ವಲ್ಪ ತಗ್ಗೀತು. ದಪ್ಪದ್ದು ಬೇಕಾದ ಟರ್ಬೊ ಎಂಜಿನ್ನಿಗೆ ತೆಳುವಿನದು ಹಾಕಿದರೆ ಬೇರಿಂಗುಗಳ ಆಯುಸ್ಸೇ ಕಡಿಮೆ. ಬಿಲ್ಲಿನಲ್ಲಿ ಬರೇ ‘ಎಂಜಿನ್ ಆಯಿಲ್’ ಎಂದಿದ್ದರೆ ಒಪ್ಪಬಾರದು. ದರ್ಜೆಯೂ ಲೀಟರೂ ಅದರಲ್ಲಿರಬೇಕು.

ಎರಡನೆಯದು ಅಳತೆ. ಜಪಾನಿನಲ್ಲಿ ಡಿಪ್‌ಸ್ಟಿಕ್‌ನ ಕೊಳವೆಯೊಳಗೆ ನಳಿಕೆ ಇಳಿಸಿ ಹಳೆಯ ಆಯಿಲ್ಲನ್ನು ಮೇಲಿಂದಲೇ ಹೀರುವ ಯಂತ್ರ ಬಹಳ ಕಡೆ ಇದೆ. ಕಾರನ್ನು ಎತ್ತುವ ಶ್ರಮವಿಲ್ಲ, ಡ್ರೇನ್ ಬೋಲ್ಟ್ ಕೆಡುವ ಭಯವಿಲ್ಲ. ಆದರೆ ತಳದಲ್ಲಿ ಹಳೆಯದು ಸ್ವಲ್ಪ ಉಳಿಯುತ್ತದೆ. ಮೇಲೆ ಪುಸ್ತಕದ ಲೆಕ್ಕದಷ್ಟು ಹೊಸದನ್ನು ಸುರಿದರೆ ಗುರುತು ಮೀರುತ್ತದೆ. ಮಾಜ್ದಾದ ಸ್ಕೈಆಕ್ಟಿವ್ ಡೀಸೆಲ್ ಕಾರುಗಳಲ್ಲಿ ಇದು ಚಿಕ್ಕ ಮಾತಲ್ಲ. ಹೊಗೆಯ ಫಿಲ್ಟರನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಆ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ, ಅದರಲ್ಲಿ ಒಂದಿಷ್ಟು ಆಯಿಲ್ಲಿಗೆ ಸೇರಿ ಮಟ್ಟ ತಾನಾಗಿ ಏರುತ್ತದೆ. ಅದಕ್ಕೆಂದೇ ಆ ಡಿಪ್‌ಸ್ಟಿಕ್‌ನಲ್ಲಿ ತುಂಬಿದ ಗುರುತಿನ ಮೇಲೆ ಎಕ್ಸ್ ಎಂಬ ಇನ್ನೊಂದು ಗುರುತಿದೆ. ಸರ್ವಿಸ್ ದಿನವೇ ಮಟ್ಟ ಮೇಲಿದ್ದರೆ ಎಕ್ಸ್ ಮುಟ್ಟಲು ಹೆಚ್ಚು ದಿನ ಬೇಡ.

ಮೂರನೆಯದು ಬಿಗಿ. ಡ್ರೇನ್ ಬೋಲ್ಟಿನ ವಾಷರು ಪ್ರತಿ ಸಲ ಹೊಸದಾಗಬೇಕು, ಬೋಲ್ಟನ್ನು ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಕೈಬಲದ ಮೇಲೆ ಬಿಗಿದರೆ ಅಲ್ಯೂಮಿನಿಯಂ ಪ್ಯಾನಿನ ಹಲ್ಲು ಸವೆಯುತ್ತದೆ. ಆ ತಪ್ಪು ಈ ವರ್ಷ ಮಾಡಿದವನದು, ಸೋರಿಕೆ ಮಾತ್ರ ಮುಂದಿನ ವರ್ಷ ಬೋಲ್ಟು ಬಿಚ್ಚಿದವನ ತಲೆಗೆ. ಕಾರಿನ ಅಡಿಯ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳನ್ನೂ ಎಣಿಸಿ ನೋಡಬೇಕು. ಒಂದೆರಡು ಇಲ್ಲದಿದ್ದರೆ ಹೆದ್ದಾರಿಯಲ್ಲಿ ಆ ಹೊದಿಕೆ ಗಾಳಿಗೆ ಬಡಿಯುತ್ತದೆ. ಎಂಜಿನ್ ಕೋಣೆಗೆ ಒತ್ತಡದ ನೀರು ಹಾಯಿಸಿ ಮಿರುಗಿಸುವುದಂತೂ ಬೇಡವೇ ಬೇಡ. ಕನೆಕ್ಟರುಗಳೊಳಗೆ ನೀರು ಕೂತರೆ ಅದರ ಫಲ ತಿಂಗಳುಗಟ್ಟಲೆ ಆಮೇಲೆ.

ಪೂರ್ವಪಕ್ಷ: ಜಪಾನಿನಲ್ಲಿ ನೋಡುವುದೇ ಅವಮಾನ

ಈಗ ಆಕ್ಷೇಪಗಳು. ಮೊದಲನೆಯದು ಭಾವನೆಯದು, ಅದಕ್ಕೇ ಗಟ್ಟಿಯಾದದ್ದು. ಜಪಾನಿನಲ್ಲಿ ಕುಶಲಕರ್ಮಿಯ ಮಾತಿಗೆ ಬೆಲೆಯಿದೆ. ಅವನ ಮುಂದೆ ಕಾರು ಸುತ್ತಿ ಫೋಟೊ ಹಿಡಿದರೆ ನಂಬಿಕೆಯನ್ನೇ ಕೆಡಿಸಿದ ಹಾಗೆ. ನಂಬಿಕೆ ಹೋದ ಕಡೆ ಒಳ್ಳೆಯ ಕೆಲಸವೂ ಹೋಗುತ್ತದೆ.

ಸಮಾಧಾನ: ಜಪಾನಿನ ಕೆಲಸದ ಸಂಸ್ಕೃತಿಯಲ್ಲಿ ನೋಡುವುದು, ಬೆರಳಿಟ್ಟು ತೋರಿಸುವುದು, ಬಾಯಿಬಿಟ್ಟು ಹೇಳುವುದು ಗೌರವದ ಕೆಲಸಗಳೇ. ಅಲ್ಲಿನ ರೈಲು ಚಾಲಕ ಸಿಗ್ನಲ್ಲಿಗೆ ಬೆರಳು ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾನೆ. ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಮಾಡಿದ ಪ್ರಯೋಗದಲ್ಲಿ, ಏನೂ ಮಾಡದಿದ್ದಾಗ ನೂರಕ್ಕೆ 2.38ರಷ್ಟಿದ್ದ ತಪ್ಪು, ತೋರಿಸಿ ಹೇಳಿದಾಗ 0.38ಕ್ಕೆ ಇಳಿಯಿತು. ಆ ಚಾಲಕನನ್ನು ಯಾರೂ ಅಪನಂಬಿಕೆಯವನು ಎನ್ನುವುದಿಲ್ಲ. ಟೊಯೋಟಾ ತನ್ನ ಕೆಲಸಗಾರರಿಗೆ ಕಲಿಸುವ ‘ಗೆಂಚಿ ಗೆಂಬುತ್ಸು’ ತತ್ವವೂ ಜಾಗಕ್ಕೆ ಹೋಗಿ ವಸ್ತುವನ್ನೇ ನೋಡು ಎನ್ನುತ್ತದೆ.

ಇನ್ನೂ ಹತ್ತಿರದ ಸಾಕ್ಷಿ ವರ್ಕ್‌ಶಾಪಿನ ಅಂಗಳದಲ್ಲೇ ಇದೆ. ಸರ್ವಿಸ್‌ಗೆ ಕಾರು ಬಿಟ್ಟಾಗ ಅಲ್ಲಿ ಬದಲಿಗೆ ‘ದೈಶಾ’ ಎಂಬ ಕಾರು ಕೊಡುವುದುಂಟು. ಅದನ್ನು ಕೊಡುವಾಗ ಅನೇಕ ಡೀಲರ್‌ಗಳು ಕಾರಿನ ಸುತ್ತ ಕರೆದೊಯ್ದು, ಇಲ್ಲಿ ಈ ಗೀರಿದೆ, ಅಲ್ಲಿ ಆ ತಗ್ಗಿದೆ ಎಂದು ತೋರಿಸಿ, ಚಿತ್ರದ ಮೇಲೆ ಗುರುತು ಹಾಕಿ ಸಹಿ ಮಾಡಿಸಿಕೊಳ್ಳುತ್ತಾರೆ. ಬಾಡಿಗೆ ಕಾರಿನ ಕಂಪನಿಗಳು ಇದನ್ನು ತಪ್ಪದೆ ಮಾಡುತ್ತವೆ. ಅವರ ಕಾರು ನನ್ನ ಕೈಗೆ ಬರುವಾಗ ಇದು ಶಿಷ್ಟಾಚಾರ. ನನ್ನ ಕಾರು ಅವರ ಕೈಗೆ ಹೋಗುವಾಗಲೂ ಅದೇ ಶಿಷ್ಟಾಚಾರ.

ಪೂರ್ವಪಕ್ಷ: ಒಳ್ಳೆಯ ಹೆಸರಿನ ಕಡೆ ಬಿಟ್ಟರೆ ಸಾಕು

ಎರಡನೆಯ ಆಕ್ಷೇಪ: ಕಳಪೆ ಜಾಗಗಳಲ್ಲಿ ಮೋಸ ನಡೆದೀತು. ದೊಡ್ಡ ಹೆಸರಿನವರು ತಮ್ಮ ಹೆಸರನ್ನು ಯಾಕೆ ಕೆಡಿಸಿಕೊಳ್ಳುತ್ತಾರೆ?

ಇದಕ್ಕೆ ಉತ್ತರ ಬಿಗ್‌ಮೋಟಾರ್. 1976ರಲ್ಲಿ ಯಾಮಾಗುಚಿ ಪ್ರಾಂತದ ಇವಾಕುನಿಯಲ್ಲಿ ಹುಟ್ಟಿ ಜಪಾನಿನ ಬಳಸಿದ ಕಾರುಗಳ ಮಾರಾಟದಲ್ಲಿ ಮುಂಚೂಣಿಗೆ ಬಂದ ಕಂಪನಿ ಅದು. ಅದರ ದುರಸ್ತಿ ಘಟಕಗಳಿಗೆ ಅಪಘಾತದ ಕಾರುಗಳನ್ನು ಕಳಿಸುತ್ತಿದ್ದವು ದೊಡ್ಡ ದೊಡ್ಡ ವಿಮಾ ಕಂಪನಿಗಳೇ. ಹೊರಗಿನ ವಕೀಲರ ತನಿಖಾ ಸಮಿತಿ 2023ರ ಜೂನ್ 26ರಂದು ವರದಿ ಒಪ್ಪಿಸಿತು. ಕಾಲುಚೀಲದಲ್ಲಿ ಗಾಲ್ಫ್ ಚೆಂಡು ಹಾಕಿ ಬೀಸಿ ಕಾರಿನ ಮೈಗೆ ತಗ್ಗು ಮಾಡಿದ್ದು, ಸ್ಕ್ರೂಡ್ರೈವರಿನಿಂದ ಗೀರಿದ್ದು, ಹೆಡ್‌ಲೈಟಿನ ಗಾಜು ಒಡೆದದ್ದು ಅದರಲ್ಲಿತ್ತು. ಮೇಣದಬತ್ತಿ ಉಜ್ಜಿ, ಇಲ್ಲದ ಗೀರನ್ನು ಫೋಟೊದಲ್ಲಿ ಇದ್ದಂತೆ ತೋರಿಸಿದ್ದೂ ಇತ್ತು. ಸಮಿತಿ ಆರಿಸಿ ಪರೀಕ್ಷಿಸಿದ 2,717 ಪ್ರಕರಣಗಳಲ್ಲಿ 1,198ರಲ್ಲಿ, ಅಂದರೆ ನೂರಕ್ಕೆ 44ರಲ್ಲಿ, ಒಂದಲ್ಲ ಒಂದು ಅಕ್ರಮದ ಶಂಕೆ.

ಈ ಕೈಗಳು ಹುಟ್ಟಾ ಕೆಟ್ಟವಾಗಿರಲಿಲ್ಲ. ಕಂಪನಿಯೊಳಗೆ ‘ಅಟ್’ ಎಂಬ ಲೆಕ್ಕವಿತ್ತು: ಪ್ರತಿ ದುರಸ್ತಿ ಕಾರಿನಿಂದ ಕೂಲಿ ಮತ್ತು ಬಿಡಿಭಾಗಗಳ ಲಾಭ ಸೇರಿ ಸುಮಾರು 1 ಲಕ್ಷ 40 ಸಾವಿರ ಯೆನ್ ಬರಬೇಕು. ಚಿಕ್ಕ ಗೀರಿನ ಕಾರು ಬಂದರೆ ಅಷ್ಟು ಹೇಗೆ ಹುಟ್ಟಬೇಕು? ಗುರಿ ತಪ್ಪಿದವರಿಗೆ ಹಿಂಬಡ್ತಿ. ಇನ್ನೊಂದು ಕಡೆ, ಕಾರನ್ನು ಖುದ್ದಾಗಿ ನೋಡಬೇಕಿದ್ದ ವಿಮೆಯವರು ನೋಡುವುದನ್ನು ಬಿಟ್ಟಿದ್ದರು. ಸೊಂಪೊ ಜಪಾನ್ ಕಂಪನಿ ಬಿಗ್‌ಮೋಟಾರ್‌ನ ಬಿಲ್ಲುಗಳಿಗೆ ಸರಳ ವಿಧಾನ ಮಾಡಿಕೊಟ್ಟಿತ್ತು. ಅಂದಾಜುಗಾರರ ಪರಿಶೀಲನೆಯಿಲ್ಲದೆ ಹಣ ಹೋಗುತ್ತಿತ್ತು. ಶಂಕೆ ಎದ್ದಾಗ 2022ರಲ್ಲಿ ವಿಮಾ ಕಂಪನಿಗಳು ಕಾರು ಕಳಿಸುವುದನ್ನು ನಿಲ್ಲಿಸಿದವು, ಸೊಂಪೊ ಮಾತ್ರ ಜುಲೈಯಲ್ಲಿ ಮತ್ತೆ ಶುರುಮಾಡಿತು. ಮಾಲೀಕರೂ ನೋಡಿರಲಿಲ್ಲ, ಯಾಕೆಂದರೆ ಅಪಘಾತದ ಕಾರಿನಲ್ಲಿ ಯಾವ ತಗ್ಗು ಎಲ್ಲಿಯದೆಂದು ಯಾರು ಬರೆದಿಟ್ಟುಕೊಳ್ಳುತ್ತಾರೆ? ಗುರಿಯ ಒತ್ತಡ ಒಂದು ಕಡೆ, ಕಾಣುವ ಕಣ್ಣಿಲ್ಲದಿರುವುದು ಇನ್ನೊಂದು ಕಡೆ. ಈ ಎರಡು ಸೇರಿದ ಯಾವ ವರ್ಕ್‌ಶಾಪಿನ ಬಗ್ಗೆಯೂ ನನಗೆ ಭಯವೇ.

ಆಮೇಲಿನದು ಬೇಗ ಬೇಗ ಆಯಿತು. 2023ರ ಜುಲೈ 25ರಂದು ಸ್ಥಾಪಕ ಕಾನೆಶಿಗೆ ಹಿರೊಯುಕಿ ಪತ್ರಿಕಾಗೋಷ್ಠಿ ನಡೆಸಿ ಅಧ್ಯಕ್ಷ ಸ್ಥಾನ ಬಿಡುವುದಾಗಿ ಹೇಳಿದರು. 28ರಂದು ಸಾರಿಗೆ ಸಚಿವಾಲಯದ ಅಧಿಕಾರಿಗಳು 34 ಅಂಗಡಿಗಳ ಮೇಲೆ ಒಟ್ಟಿಗೆ ತಪಾಸಣೆಗೆ ಇಳಿದರು. ನವೆಂಬರ್ 30ಕ್ಕೆ ಕಂಪನಿಯ ವಿಮಾ ಏಜೆನ್ಸಿ ನೋಂದಣಿ ರದ್ದಾಯಿತು. ಸೊಂಪೊ ಜಪಾನ್‌ನ ಅಧ್ಯಕ್ಷರೂ ಸ್ಥಾನ ಬಿಡಬೇಕಾಯಿತು. 2024ರ ಮೇ 1ರಂದು ಇತೊಚು ಮತ್ತು ಜೊತೆಗಾರರು ವ್ಯವಹಾರವನ್ನು ವಹಿಸಿಕೊಂಡು ‘ವೀಕಾರ್ಸ್’ ಎಂಬ ಹೊಸ ಕಂಪನಿ ಮಾಡಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಸಾರಿಗೆ ಸಚಿವಾಲಯ ಕಾರಿನ ಮೈ ದುರಸ್ತಿಗೆ ಮಾರ್ಗಸೂಚಿ ಹೊರಡಿಸಿತು: ಕೆಲಸದ ದಾಖಲೆ ಇಡಿ, ಗಿರಾಕಿಗೆ ವಿವರಿಸಿ.

ಅದು ಬಳಸಿದ ಕಾರು ಮಾರುವವರ ಕಥೆ, ಅಧಿಕೃತ ಡೀಲರ್‌ಗಳು ಹಾಗಲ್ಲ ಎಂದರೆ, ಅರ್ಧ ಒಪ್ಪುತ್ತೇನೆ. ಅಧಿಕೃತ ಡೀಲರ್‌ಗಳು ಬೇಕೆಂದು ಕಾರು ಕೆಡಿಸಿದ ಅಂಥ ಪ್ರಕರಣ ನನಗೆ ತಿಳಿದಿಲ್ಲ. ಆದರೆ 2021ರ ಮಾರ್ಚ್‌ನಲ್ಲಿ ನೆಟ್ಸ್ ಟೊಯೋಟಾ ಐಚಿಯ ತೊಯೊಹಾಶಿ ಅಂಗಡಿಯಲ್ಲಿ 5,158 ಕಾರುಗಳ ಶಾಕೆನ್ ಸರಿಯಾಗಿ ಆಗಿಲ್ಲವೆಂದು ತಿಳಿಯಿತು. ಜುಲೈಯಲ್ಲಿ ಟೋಕಿಯೋದ ಲೆಕ್ಸಸ್ ತಕನಾವಾದಲ್ಲಿ 565 ಕಾರುಗಳು. ಅಳೆಯದೆ ಅಂಕಿ ಬರೆದದ್ದು, ಬಂದ ಅಂಕಿಯನ್ನು ತಿದ್ದಿದ್ದು. ಕೆಲಸದ ಹೊರೆ ಏರಿದಷ್ಟು ಜನವೂ ಸಲಕರಣೆಯೂ ಏರಿರಲಿಲ್ಲ ಎಂದು ಟೊಯೋಟಾ ತಾನೇ ಒಪ್ಪಿಕೊಂಡಿತು. ಇಲ್ಲಿ ಲೋಭಕ್ಕಿಂತ ಗಡಿಯಾರ ದೊಡ್ಡ ಕಾರಣ. ಮುಂಬಾಗಿಲಿನ ಮೇಲಿನ ಹೆಸರಿನಿಂದ ಒಳಗಿನ ಗಡಿಯಾರ ನಿಧಾನವಾಗುವುದಿಲ್ಲ.

ಪೂರ್ವಪಕ್ಷ: ಗೀರು ಬಿದ್ದರೇನು, ಕಾರು ಓಡಿದರೆ ಸಾಕು

ಇದು ವೈರಾಗ್ಯದ ಮಾತು, ಕೇಳಲು ಹಿತ. ಆದರೆ ಬಣ್ಣ ಶೋಕಿಗೆ ಮಾತ್ರ ಇರುವುದಲ್ಲ, ಉಕ್ಕಿಗೆ ಅದೇ ಚರ್ಮ. ನೀಗಾಟಾ, ಅಕಿತಾ ಕಡೆಯ ಉಪ್ಪುರಸ್ತೆಯಲ್ಲಿ ಪ್ರೈಮರ್ ದಾಟಿದ ಒಂದು ಗೀರು ಒಂದೇ ಚಳಿಗಾಲದಲ್ಲಿ ತುಕ್ಕಾಗುತ್ತದೆ. ಹಣದ ಲೆಕ್ಕವೂ ಇದೆ. ಜಪಾನಿನ ಯುಎಸ್‌ಎಸ್ ಮುಂತಾದ ಕಾರು ಹರಾಜುಗಳಲ್ಲಿ ಪ್ರತಿ ಕಾರಿಗೂ ಒಂದು ಹಾಳೆ. ಅದರಲ್ಲಿ ಕಾರಿನ ಮೈಯನ್ನು ಬಿಡಿಸಿ ಹಾಸಿದ ಚಿತ್ರ. ಗೀರಿಗೆ ಎ, ತಗ್ಗಿಗೆ ಯು, ದುರಸ್ತಿಯ ಅಲೆಗೆ ಡಬ್ಲ್ಯೂ, ಪಕ್ಕದಲ್ಲಿ ಅದರ ಗಾತ್ರಕ್ಕೆ ಅಂಕಿ. ಎ1 ಎಂದರೆ ಸಣ್ಣ ಗೀರು. ಆ ಅಕ್ಷರಗಳೇ ಬೆಲೆ ತೀರ್ಮಾನಿಸುತ್ತವೆ.

ಒಪ್ಪಿಸುವ ಗಳಿಗೆಯ ದಾಖಲೆಗೂ ಇದೇ ಮಾದರಿ ಸಾಕೆಂದು ನನ್ನ ಸಲಹೆ. ಜಪಾನಿನ ಸರ್ವಿಸ್ ಕೌಂಟರಿನವರಿಗೆ ಈ ಲಿಪಿ ಹೊಸದಲ್ಲ. ಮುಂದಿನ ಎಡ ಬಾಗಿಲು ಎ1, ಹಿಂದಿನ ಬಂಪರಿನ ಮೂಲೆ ಯು1 ಎಂದು ಬರೆದು ಇಬ್ಬರೂ ಸಹಿ ಹಾಕಿದರೆ ಭಾಷೆ ಬಾರದವರಿಗೂ ತೊಂದರೆಯಿಲ್ಲ. ನಿಶಿಕಸಾಯ್‌ನಲ್ಲಿ ನೆಲೆಸಿದ ಭಾರತೀಯ ಕುಟುಂಬಗಳಿಗೆ ಜಪಾನಿ ಮಾತು ಬಂದರೂ ಕೆಲಸದ ಚೀಟಿಯ ಕಾಂಜಿ ಓದುವುದು ಕಷ್ಟ. ಅಂಥವರಿಗೆ ಈ ಚಿತ್ರವೇ ಆಧಾರ.

ಬೇಗ ಮುಗಿಸಬಹುದಾದ ಒಂದು ಉಪ-ಆಕ್ಷೇಪ: ವಿಮೆ ಇದೆಯಲ್ಲ? ಇದೆ. ಜಪಾನಿನ ವಿಮೆಯಲ್ಲಿ ಕಂತು ತೀರ್ಮಾನಿಸುವ 20 ಮೆಟ್ಟಿಲುಗಳಿವೆ, ಒಂದು ಸಾಮಾನ್ಯ ಕ್ಲೇಮು ಮಾಲೀಕನನ್ನು ಮೂರು ಮೆಟ್ಟಿಲು ಕೆಳಗಿಳಿಸುತ್ತದೆ. ನಮ್ಮಲ್ಲಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ವರ್ಕ್‌ಶಾಪಿನ ಗೀರಿಗೆ ಮಾಲೀಕ ತನ್ನ ವಿಮೆ ಮುಟ್ಟುವುದು ನ್ಯಾಯವೂ ಅಲ್ಲ.

ಪೂರ್ವಪಕ್ಷ: ಮೆಕ್ಯಾನಿಕ್‌ಗಳೇ ಇಲ್ಲದ ಕಾಲದಲ್ಲಿ

ಎಲ್ಲಕ್ಕಿಂತ ತೂಕದ ಆಕ್ಷೇಪ ಇದು. ಜಪಾನಿನಲ್ಲಿ ಈ ಕೆಲಸ ಕಲಿಯಲು ಶಾಲೆ ಸೇರುವ ಹುಡುಗರು ಎರಡು ದಶಕಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿದ್ದಾರೆ. 2019ರ ಏಪ್ರಿಲ್‌ನಿಂದ ವಿದೇಶಿ ಮೆಕ್ಯಾನಿಕ್‌ಗಳಿಗೆ ವಿಶೇಷ ಕೌಶಲದ ವೀಸಾ ಕೊಡುತ್ತಿರುವುದು ಅದಕ್ಕೇ. ಇದ್ದವರ ಮೇಲೆ ಹೊರೆ ಹೆಚ್ಚು. ಪ್ರತಿ ಗಿರಾಕಿಯೂ ಬಂದು ತಲೆಯ ಮೇಲೆ ನಿಂತರೆ ಇನ್ನೊಬ್ಬ ಈ ಕಸುಬಿಗೆ ಬರಲಾರ. ಗಡಿಯಾರದ ಒತ್ತಡ ಹೆಚ್ಚೇ ಆದೀತು, ಅದರಿಂದ ಹಾನಿಯೂ.

ಇದನ್ನು ಒಪ್ಪಿಯೇ ಉತ್ತರಿಸಬೇಕು. ಕೆಲಸ ನಡೆಯುವಾಗ ಮಾಲೀಕ ಅಲ್ಲಿರಬೇಕಿಲ್ಲ, ಇರಬಾರದು ಕೂಡ. ಕಾರೊಳಗಿನ ಕ್ಯಾಮೆರಾವನ್ನು ಗುಟ್ಟಾಗಿ ಓಡಲು ಬಿಟ್ಟು, ಆಮೇಲೆ ಮೆಕ್ಯಾನಿಕ್‌ನ ಪ್ರತಿ ಮಾತನ್ನೂ ಕೇಳಿಸಿಕೊಳ್ಳುವ ಹೊಸ ಚಾಳಿ ನನಗೆ ಹಿಡಿಸದು. ಕ್ಯಾಮೆರಾ ಓಡುತ್ತಿದ್ದರೆ ಹೇಳಿ ಬಿಡಬೇಕು, ಇಲ್ಲವೇ ಆರಿಸಬೇಕು. ನಾನು ಹೇಳುವ ನೋಟ ಬಹಿರಂಗದ್ದು, ಎರಡು ಗಳಿಗೆಯದು, ಐದೈದು ನಿಮಿಷದ್ದು. ತೊಳೆಯುವುದು ಬೇಡ, ಎಂಜಿನ್ ಕೋಣೆಗೆ ನೀರು ಬೇಡ ಎಂದಾಗ ಇನ್ನೊಂದು ಇಪ್ಪತ್ತು ನಿಮಿಷ ಅವನಿಗೆ ಉಳಿಯುತ್ತದೆ. ಕೊನೆಯ ಗಳಿಗೆಯ ನೂಕುನುಗ್ಗಲಿಗೆ ಬದಲು ಮಧ್ಯಾಹ್ನವೇ ಕಾರು ತೆಗೆದುಕೊಂಡು ಹೋಗುತ್ತೇನೆ ಎಂದರೆ ಇನ್ನೂ ಒಳ್ಳೆಯದು.

ಮೆಕ್ಯಾನಿಕ್‌ಗೂ ಇದರಲ್ಲಿ ಪಾಲಿದೆ. ಟೊಯೋಟಾದ ‘070’ ಮುತ್ತಿನ ಬಿಳಿ, ‘040’ ಬಿಳಿ ಬಣ್ಣದ ಕೆಲವು ಕಾರುಗಳಲ್ಲಿ ಬಿಸಿಲು ಮೇಲಿನ ಪದರ ದಾಟಿ ಹೋಗಿ, ಪ್ರೈಮರಿಗೂ ತಳದ ವಿದ್ಯುತ್ ಲೇಪನಕ್ಕೂ ಇರುವ ಹಿಡಿತ ಸಡಿಲಿಸುತ್ತದೆ. ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಕಂಪನಿ ಅದಕ್ಕೆಂದೇ ವಾರಂಟಿ ವಿಸ್ತರಿಸಬೇಕಾಯಿತು. ಅಂಥ ಕಾರಿನ ಛಾವಣಿಯ ಅಂಚಿಗೆ ಪೈಪಿನ ನೀರು ತಗುಲಿ ಒಂದು ಹಾಳೆ ಹಾರಿಹೋದರೆ ಬಯ್ಯಿಸಿಕೊಳ್ಳುವವನು ಪೈಪು ಹಿಡಿದ ಹುಡುಗ. ಒಪ್ಪಿಸುವಾಗಲೇ ‘ಛಾವಣಿ, ಎಡ ಅಂಚು, ಬಣ್ಣ ಎದ್ದಿದೆ’ ಎಂದು ಬರೆದಿದ್ದರೆ ಅವನು ಉಳಿಯುತ್ತಾನೆ, ಮಾಲೀಕನಿಗೆ ವಾರಂಟಿಯ ದಾರಿಯೂ ಕಾಣುತ್ತದೆ. ವೀಸಾದ ಮೇಲೆ ಬಂದ, ಮಾತು ಅರೆಬರೆ ಬರುವ ವಿದೇಶಿ ಹುಡುಗನಿಗೆ ಈ ಚೀಟಿ ಎಷ್ಟು ದೊಡ್ಡ ಆಸರೆ!

ಪೂರ್ವಪಕ್ಷ: ಹಾನಿ ಆಗಿಹೋದ ಮೇಲೆ ದಾಖಲೆಯಿಂದ ಏನು?

ಕೊನೆಯ ಆಕ್ಷೇಪ ವ್ಯವಹಾರದ್ದು. ಗೀರು ಕಂಡಿತು, ದಾಖಲೆಯೂ ಇದೆ. ವರ್ಕ್‌ಶಾಪಿನವರು ತಲೆಬಾಗಿ ಕ್ಷಮೆ ಕೇಳಿ ‘ಈಗಲೇ ಪಾಲಿಶ್ ಹೊಡೆದು ಕೊಡುತ್ತೇವೆ’ ಎನ್ನುತ್ತಾರೆ. ಒಪ್ಪಿದರೆ ಸಾಲದೇ?

ತಕ್ಷಣ ಒಪ್ಪಬಾರದು. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಆಳಕ್ಕೆ ಇಳಿಸುವುದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಮತ್ತೆ ಬರುವುದಿಲ್ಲ. ಎರಡು ಮೂರು ಸಲ ಉಜ್ಜಿಸಿಕೊಂಡ ಬಾನೆಟ್ಟು ನಾಲ್ಕಾರು ವರ್ಷದ ಬಿಸಿಲಿಗೆ ಮಂಕಾಗಿ ಸಿಪ್ಪೆ ಏಳುತ್ತದೆ. ಮೊದಲು ಅಂಗಳ ದಾಟುವ ಮುನ್ನವೇ ಗೀರನ್ನು ತೋರಿಸಿ, ಅದೇ ಚಿತ್ರದ ಮೇಲೆ ಎರಡನೆಯ ಗುರುತಾಗಿ ಬರೆಸಿಕೊಳ್ಳಬೇಕು. ಬಣ್ಣದ ದಪ್ಪ ಅಳೆಯುವ ಮೀಟರು ಮೈ ದುರಸ್ತಿಯ ಕಡೆ ಇದ್ದೇ ಇರುತ್ತದೆ. ಆ ಪ್ಯಾನೆಲ್ಲನ್ನು ನಾಲ್ಕು ಕಡೆ ಅಳೆಸಬೇಕು. ಇನ್ನೂರು ಮೈಕ್ರಾನ್ ದಾಟಿದರೆ ಅದು ಹಿಂದೆ ಮರುಬಣ್ಣ ಕಂಡ ಪ್ಯಾನೆಲ್. ನೂರರ ಸುಮಾರಿದ್ದರೆ ಉಜ್ಜಲು ಇರುವ ಅವಕಾಶ ಸಣ್ಣದು, ಅದನ್ನು ಇವತ್ತಿನ ಅವಸರಕ್ಕೆ ಖರ್ಚು ಮಾಡಬಾರದು. ಉಗುರು ತಾಗದ ತೆಳುಗೀರಾದರೆ ಹಾಗೇ ಬಿಟ್ಟು, ಮುಂದೆ ಒಮ್ಮೆ ನುರಿತ ಕೈಯಿಂದ ಅದೇ ವರ್ಕ್‌ಶಾಪಿನ ಖರ್ಚಿನಲ್ಲಿ ಮಾಡಿಸುವ ಬರವಣಿಗೆ ಪಡೆಯುವುದು ಮೇಲು. ಉಗುರು ತಾಗಿ ನಿಲ್ಲುವ ಗೀರಾದರೆ ಪಾಲಿಶ್‌ನಿಂದ ಆಗದು, ಆ ಪ್ಯಾನೆಲ್ಲಿಗೆ ಬಣ್ಣವೇ ಬೇಕು.

ಎಂಜಿನ್ನಿನ ಕಡೆ ಇದೇ ನಿಯಮ ಸ್ವಲ್ಪ ತಡವಾಗಿ ಬರುತ್ತದೆ. ಮನೆ ಮುಟ್ಟಿದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಬೇಕು. ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಹಾಸಿದ ರಟ್ಟನ್ನು ನೋಡಬೇಕು. ಮಟ್ಟ ಮೇಲಿದ್ದರೆ, ರಟ್ಟಿನ ಮೇಲೆ ಹನಿ ಇದ್ದರೆ, ದಿನಾಂಕವೂ ಓಡಿದ ಕಿಲೋಮೀಟರೂ ಕಾಣುವಂತೆ ಫೋಟೊ ತೆಗೆದು ಆ ದಿನವೇ ತಿಳಿಸಬೇಕು. ಜಪಾನಿನ ಶಾಸನದಂತೆ ವರ್ಕ್‌ಶಾಪು ತಾನು ಮಾಡಿದ ನಿರ್ವಹಣೆಯ ದಾಖಲೆ ಇಡಬೇಕು, ಪ್ರತಿಯನ್ನು ಮಾಲೀಕನಿಗೆ ಕೊಡಬೇಕು. ಆ ಪ್ರತಿಯೂ ಈ ಫೋಟೊವೂ ಪಕ್ಕಪಕ್ಕ ಇದ್ದರೆ ಮಾತು ಬೆಳೆಯುವುದು ಅಪರೂಪ. ಬೆಳೆದರೆ ಜಪಾನಿನಲ್ಲಿ 188ಕ್ಕೆ ಕರೆ ಮಾಡಿದರೆ ಹತ್ತಿರದ ಗ್ರಾಹಕ ಕೇಂದ್ರ ಸಿಗುತ್ತದೆ, ನಮ್ಮಲ್ಲಿ 1915.